ಏಪ್ರನ್ ಜೊತೆ ಬಂದ ಹೆಸರು

ಕೂಸಿಗೆ ಹೆಸರು ಆರಿಸಿ ಆಗಿತ್ತು. ಆದರೆ ಅಜ್ಜಿಯ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಗ್ಲಾಸ್ಗೋದಿಂದ ಬಸ್ಸಿನಲ್ಲಿ ಬಂದಿಳಿದ ರೋನಾ, ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ, "ಅಜ್ಜೀ, ಇವಳ ಹೆಸರು..." ಎನ್ನುವಷ್ಟರಲ್ಲಿ ಅಜ್ಜಿ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಎತ್ತಿ ತಡೆದಿದ್ದಳು.

"ಮುಚ್ಚು ಬಾಯಿ. ಪಾದ್ರಿ ನೀರು ಹಾಕೋ ತನಕ ಕೂಸಿನ ಹೆಸರು ನಾಲಿಗೆ ಮೇಲೆ ಬರಬಾರದು. ಯಾರ ಕಿವಿಗೆ ಬೀಳುತ್ತೋ ಏನು ಕತೆಯೋ."

"ಯಾರ ಕಿವಿಗೆ ಅಜ್ಜಿ? ಇಲ್ಲಿರೋದು ನಾನು, ನೀನು, ಆಮೇಲೆ ಬೆಕ್ಕು."

"ಆ ಬೆಕ್ಕಿನ ಮೇಲೆ ನನಗೆ ಮೊದಲಿಂದ್ಲೂ ನಂಬಿಕೆ ಇಲ್ಲ."

ಹಾಗಾಗಿ ಭಾನುವಾರದ ತನಕ ಕೂಸು ಬರೀ ಕೂಸಾಗಿಯೇ ಇರಬೇಕಾಯಿತು. ರೋನಾ ತನ್ನ ಗುಟ್ಟನ್ನು ಒಳಗೇ ಇಟ್ಟುಕೊಂಡಳು. ಅವಳು ಆರಿಸಿದ್ದ ಹೆಸರು ಎಲೆನ್, ಅಜ್ಜಿಯದೇ ಹೆಸರು. ವಾಡಿಕೆಯಂತೆ ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರಿಡಬೇಕು. ಆದರೆ ರೋನಾಳ ತಾಯಿ ಮೂವತ್ತು ದಾಟುತ್ತಿದ್ದಂತೆ ತೀರಿಕೊಂಡವಳು. ತೊಟ್ಟಿಲ ಮುಂದೆ ನಿಂತು ತಾಯಿಯ ಹೆಸರನ್ನು ನೆನೆದಾಗಲೆಲ್ಲ, ಕೂಸೂ ಹಾಗೇ ಅಲ್ಪಾಯುವಾದರೆ ಎಂದು ರೋನಾ ಹೆದರುತ್ತಿದ್ದಳು. ಓದಿದವಳು ತಾನು, ಶಾಲೆಯಲ್ಲಿ ಪಾಠ ಹೇಳುವವಳು, ಇಂಥದ್ದನ್ನೆಲ್ಲ ನಂಬಬಾರದು ಎಂದು ತನ್ನನ್ನೇ ಗದರಿಕೊಂಡು, ಮರುಕ್ಷಣವೇ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಆರೋಗ್ಯ ಕೇಂದ್ರದ ನರ್ಸು ಕೂಸನ್ನು ತೂಗಿದ ಎರಡು ಸಲವೂ ತಕ್ಕಡಿ ನೋಡಿ, "ಇನ್ನೂ ಸ್ವಲ್ಪ ಮೇಲೆ ಹೋಗಬೇಕಿತ್ತಲ್ಲ," ಎಂದಿದ್ದಳು. ಅಜ್ಜಿಗೆ ಎಪ್ಪತ್ತೈದು. ಹಲ್ಲು ಬಿಟ್ಟರೆ ಬೇರೇನೂ ಬಿದ್ದಿಲ್ಲ. ಅವಳ ಹೆಸರಿನ ಜೊತೆ ಅವಳ ಆಯುಸ್ಸೂ ಬರಲಿ ಎಂಬುದು ರೋನಾ ಯಾರಿಗೂ, ಗಂಡ ಗೇವಿನನಿಗೂ, ಹೇಳದ ಆಸೆ.

"ಅದಿರಲಿ, ಆಸ್ಪತ್ರೆಯಿಂದ ಕೂಸನ್ನ ಹೇಗೆ ತಂದ್ರಿ?" ಅಜ್ಜಿ ಟೀ ಬಸಿಯುತ್ತ ಕೇಳಿದಳು.

"ಟ್ಯಾಕ್ಸಿಯಲ್ಲಿ."

"ಟ್ಯಾಕ್ಸಿ ಯಾರು ಕೇಳಿದ್ರು? ಮೇಲಿಂದ ಕೆಳಕ್ಕೆ ತಂದ್ರೋ, ಕೆಳಗಿಂದ ಮೇಲಕ್ಕೋ?"

ಹೆರಿಗೆ ವಾರ್ಡು ಮೂರನೇ ಅಂತಸ್ತಿನಲ್ಲಿತ್ತು, ಲಿಫ್ಟಿನಲ್ಲಿ ಇಳಿಸಿ ತಂದೆವು ಎಂದಳು ರೋನಾ. ಅಜ್ಜಿ ಟೀ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಕೂಸು ಮೊದಲು ಏರಬೇಕು ಕಣೇ, ಆಮೇಲೆ ಇಳೀಬೇಕು. ಇಳಿದು ಶುರುವಾದದ್ದು ಇಳೀತಾನೇ ಇರುತ್ತೆ. ಮಾಳಿಗೆ ಮೇಲೆ ಹೆತ್ತೋರು ಕೂಸನ್ನ ಎತ್ತಿಕೊಂಡು ಒಂದು ಕುರ್ಚೀನಾದ್ರೂ ಹತ್ತಿ ಇಳೀತಾರೆ."

"ಕುರ್ಚಿ ಹತ್ತಿ ಅಂತ ಡಾಕ್ಟರಿಗೆ ಹೇಳಬೇಕಿತ್ತಾ?"

"ಹೇಳಬೇಕಿತ್ತು."

ರೋನಾ ನಗಲು ಹೋದಳು. ತಕ್ಕಡಿಯ ಮುಳ್ಳು ಕಣ್ಣ ಮುಂದೆ ಬಂತು. ಅಜ್ಜಿ ಅವಳ ಮುಖ ನೋಡಿದಳು. ಆಮೇಲೆ ಕೂಸಿನ ಮುಖ ನೋಡಿದಳು.

"ಆಗಿದ್ದಾಯ್ತು ಬಿಡು. ನಾಳೆ ದೊಡ್ಡಮನೆಗೆ ಹೋಗೋಣ. ಈ ಸೀಮೇಲಿ ಅದಕ್ಕಿಂತ ಎತ್ತರದ ಮೆಟ್ಟಿಲು ಇನ್ನೊಂದಿಲ್ಲ."

ದೊಡ್ಡಮನೆ ಎಂದರೆ ಅರ್ಡ್‌ಬ್ರಾಕನ್ ಕೋಟೆ. ಊರಿನಲ್ಲಿ ಅದನ್ನು ಕೋಟೆ ಎನ್ನುವವರು ಪ್ರವಾಸಿಗಳು ಮಾತ್ರ. ಹಳೆಯ ದೊರೆಯ ಮೊಮ್ಮಗ ಈಗ ಹಿಂಬದಿಯ ನಾಲ್ಕು ಕೋಣೆಗಳಲ್ಲಿ ಒಲೆ ಹಚ್ಚಿಕೊಂಡು, ಉಳಿದದ್ದನ್ನೆಲ್ಲ ಬೇಸಿಗೆಯಲ್ಲಿ ನೋಡಬಂದವರಿಗೆ ಬಿಟ್ಟುಕೊಟ್ಟಿದ್ದ. ಅಜ್ಜಿ ಮದುವೆಗೆ ಮುಂಚೆ ಅಲ್ಲಿ ಕೆಲಸಕ್ಕಿದ್ದವಳು. ಅವಳ ಗಂಡ ಆರ್ಚಿ ಅಲ್ಲಿಯದೇ ತೋಟದಲ್ಲಿ ಮಾಲಿ. ಆರ್ಚಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಊರಿನವರಿಗೆ ಅಜ್ಜಿ ಇಂದಿಗೂ 'ಆರ್ಚಿ ಎಲೆನ್'. ಊರಲ್ಲಿ ಬೇರೆ ಎಲೆನ್ ಯಾರೂ ಇಲ್ಲದಿರುವಾಗ ಇವಳಿಗೆ ಮಾತ್ರ ಗಂಡನ ಹೆಸರನ್ನು ಏಕೆ ಅಂಟಿಸುತ್ತಾರೆ ಎಂದು ರೋನಾ ಚಿಕ್ಕವಳಿದ್ದಾಗ ಒಮ್ಮೆ ಅಂದುಕೊಂಡದ್ದಿತ್ತು. ಕೇಳಿರಲಿಲ್ಲ.

ಮರುದಿನ ರೋನಾ ಕೂಸಿಗೆ ಎರಡು ಉಣ್ಣೆ ಅಂಗಿ, ಮೇಲೊಂದು ಶಾಲು, ಅದರ ಮೇಲೆ ಇನ್ನೊಂದು ಶಾಲು ಸುತ್ತಿದಳು.

"ಕೂಸು ಎಲ್ಲಿದೆ ಇದರೊಳಗೆ?" ಎಂದಳು ಅಜ್ಜಿ.

"ದೊಡ್ಡಮನೆ ಒಳಗೆ ಥಂಡಿ ಇರುತ್ತೆ ಅಜ್ಜಿ."

"ನನಗೆ ಹೇಳ್ತೀಯಾ? ಅಲ್ಲಿನ ಥಂಡಿಗೆ ಬೆಳಗಾಗೆದ್ದು ಬೆಂಕಿ ಹಾಕ್ತಿದ್ದೋಳು ನಾನು."

ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂತಿದ್ದವಳು ಅಜ್ಜಿಯ ಪಕ್ಕದ ಬೀದಿಯ ಜೆಸ್ಸಿ. ಅಜ್ಜಿ ಪರ್ಸು ತೆಗೆದದ್ದೇ ತಡ, ಕಿಟಕಿ ಮುಚ್ಚುವವಳಂತೆ ಮಾಡಿದಳು.

"ಆರ್ಚಿ ಎಲೆನ್, ನೀನು ಟಿಕೆಟ್ ತಗೊಂಡ್ರೆ ಈ ನೌಕರಿ ಇವತ್ತೇ ಬಿಟ್ಟೆ."

"ಬಿಡು. ನಿನ್ನ ಕಾಟ ತಪ್ಪಿತು ಅಂತ ಧಣಿ ಗಂಟೆ ಬಾರಿಸ್ತಾನೆ."

"ಕೂಸಿನ ಹೆಸರೇನಮ್ಮ?" ಎಂದು ಜೆಸ್ಸಿ ರೋನಾಳ ಕಡೆ ತಿರುಗಿದಳು. ಅಜ್ಜಿ ಕೆಕ್ಕರಿಸಿ ನೋಡಿದಳು. ಜೆಸ್ಸಿ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು, ತಪ್ಪಾಯ್ತು. ನಾನು ಕೇಳೇ ಇಲ್ಲ."

ಮುಂಬಾಗಿಲಿನ ಕಲ್ಲುಮೆಟ್ಟಿಲ ಹತ್ತಿರ ಬಂದು ಅಜ್ಜಿಯ ಕಾಲು ತಾನಾಗಿ ಎಡಕ್ಕೆ ಹೊರಳಿತು, ಕಲ್ಲಿದ್ದಲಿನ ಅಂಗಳ ದಾಟಿ ಹಿಂಬಾಗಿಲಿಗೆ ಹೋಗುವ ದಾರಿಗೆ. ರೋನಾ ತೋಳು ಹಿಡಿದು ಮುಂಬಾಗಿಲಿಗೆ ಕರೆದುಕೊಂಡು ಬಂದಳು. ಅಜ್ಜಿ ಒಳಗೆ ಕಾಲಿಡುವ ಮುನ್ನ ಬೂಟನ್ನು ಚಾಪೆಗೆ ಉಜ್ಜಿದಳು, ಮತ್ತೆ ಉಜ್ಜಿದಳು.

"ಸಾಕು ಅಜ್ಜಿ, ಚಾಪೆ ಸವೆದೋಯ್ತು."

"ಈ ನೆಲ ಉಜ್ಜಿದೋರಿಗೆ ಗೊತ್ತು," ಎಂದಳು ಅಜ್ಜಿ, ದನಿ ತಗ್ಗಿಸಿ. ಒಳಗೆ ಕಾಲಿಟ್ಟವಳೇ ಮೂಗು ಎತ್ತಿ ಗಾಳಿ ಹೀರಿದಳು. "ನೆಲಕ್ಕೆ ಜೇನುಮೇಣ ಹಚ್ಚೋದು ಬಿಟ್ಟಿದಾರೆ. ಡಬ್ಬಿಯದೇನೋ ಹಚ್ಚಿದಾರೆ. ಆಗ ಇಡೀ ಮನೆ ಜೇನುಗೂಡಿನ ಹಾಗೆ ಘಮ್ಮಂತಿತ್ತು ಕಣೇ. ನಮ್ಮ ಕೂದಲಿಗೂ ಅದೇ ವಾಸನೆ. ಭಾನುವಾರ ಚರ್ಚಿಗೆ ಹೋದ್ರೆ ದೊಡ್ಡಮನೆ ಹುಡುಗೀರು ಬಂದ್ರು ಅಂತ ಕಣ್ಣು ಮುಚ್ಚಿಕೊಂಡೇ ಹೇಳ್ತಿದ್ರು."

ಸುತ್ತಾಡಿಸಿ ತೋರಿಸುವವರು ಟಾಡ್ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ, ಎಡಿನ್‌ಬರೋದಿಂದ ಬಂದು ಊರಾಚೆ ಮನೆ ಮಾಡಿದ್ದವರು. ಕೋಟೆಯನ್ನು ತಾವೇ ಕಟ್ಟಿಸಿದ ಹಾಗೆ ಪ್ರೀತಿ ಅವರಿಗೆ. ಏಳೆಂಟು ಜನರ ಗುಂಪಿನ ಬಾಲದಲ್ಲಿ ಅಜ್ಜಿ, ರೋನಾ, ಕೂಸು. ಊಟದ ಸಾಲೆಯಲ್ಲಿ ಅಜ್ಜಿ, "ಇಲ್ಲಿ ನೀಲಿ ಜಮಖಾನ ಇತ್ತು," ಎಂದಳು. ಟಾಡ್ ವಿನಯದಿಂದ, ಈ ಕೆಂಪು ಜಮಖಾನ ಕೋಟೆಗೆ ಬಂದು ನೂರು ವರ್ಷದ ಮೇಲಾಯಿತು ಎಂದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಹೌದು, ನೀಲಿ ಜಮಖಾನ ಪೇಟೆಯ ಸಿನಿಮಾ ಮಂದಿರದ್ದು," ಎಂದು ಒಪ್ಪಿಕೊಂಡಳು.

ಕೆಲಸದವರು ಉಣ್ಣುತ್ತಿದ್ದ ಕೆಳಗಿನ ಹಜಾರಕ್ಕೆ ಬಂದಾಗ ಟಾಡ್ ಗೋಡೆಯ ಕಡೆ ಕೈ ಮಾಡಿದರು. ಅಲ್ಲಿ ಸಾಲಾಗಿ ನಾಲ್ಕು ಹಳೆಯ ಭಾವಚಿತ್ರಗಳು: ಮನೆಯ ಆಳುಕಾಳೆಲ್ಲ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡವು. ಬೇರೆ ಬೇರೆ ವರ್ಷದವು. ಪ್ರತಿಯೊಂದರ ಕೆಳಗೂ ಚಿಕ್ಕ ಅಕ್ಷರದಲ್ಲಿ ಹೆಸರುಗಳು.

"ಇಲ್ಲಿ ನನಗೆ ಬಹಳ ಇಷ್ಟವಾದವರೊಬ್ಬರಿದ್ದಾರೆ," ಎಂದರು ಟಾಡ್. "ಎರಡನೇ ಸಾಲಿನಲ್ಲಿ ನೋಡಿ. ಎಲೆನ್. ನಾಲ್ಕು ಚಿತ್ರದಲ್ಲೂ ಎಲೆನ್. ಎರಡನೇ ಮನೆಗೆಲಸದ ಹುಡುಗಿಯಾಗಿ ಸೇರಿ, ಮೂವತ್ತು ವರ್ಷ ಅದೇ ಕೆಲಸದಲ್ಲಿ ನಿಷ್ಠೆಯಿಂದ ದುಡಿದ ಹೆಣ್ಣು. ಬಡ್ತಿ ಕೂಡ ಕೇಳಲಿಲ್ಲ."

ಅಜ್ಜಿಗೆ ಒಳಗಿಂದ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಕೆಮ್ಮು, ಆಮೇಲೆ ಕಣ್ಣಲ್ಲಿ ನೀರು.

"ಮೂವತ್ತು ವರ್ಷ ದುಡಿದ್ರೂ ಅವಳಿಗೆ ವಯಸ್ಸೇ ಆಗಿಲ್ಲ ನೋಡಿ ಸ್ವಾಮಿ," ಎಂದಳು. "ಮೊದಲನೇದ್ರಲ್ಲಿ ಕುಳ್ಳಿ, ಎರಡನೇದ್ರಲ್ಲಿ ಬಿದಿರುಗಳ. ಮೂರನೇದ್ರಲ್ಲಿ ಹಲ್ಲುಬ್ಬಿ."

ಗುಂಪಿನವರೆಲ್ಲ ಚಿತ್ರಕ್ಕೆ ಮುಖ ಹಚ್ಚಿದರು. ನಿಜವೇ. ನಾಲ್ಕು ಎಲೆನ್‌ಗಳಿಗೂ ನಾಲ್ಕು ಮುಖ.

"ಆ ಹಲ್ಲುಬ್ಬಿ ನಾನು," ಎಂದಳು ಅಜ್ಜಿ.

ಟಾಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅವರೂ ನಕ್ಕರು. ಪ್ರವಾಸಿಗಳು ಮುಟ್ಟಬಾರದೆಂದು ಹಗ್ಗ ಕಟ್ಟಿದ್ದ ಕುರ್ಚಿಯ ಹಗ್ಗ ಬಿಚ್ಚಿ, "ಕೂತ್ಕೊಂಡು ಹೇಳಿ ತಾಯಿ," ಎಂದರು.

ಅಜ್ಜಿ ಹೇಳಿದಳು. ದೊರೆಸಾನಿಗೆ ಹೊಸ ಹೊಸ ಹೆಸರು ಕಲಿಯುವ ತೊಂದರೆ ಇರಬಾರದು. ಅದಕ್ಕೇ ಮನೆಯಲ್ಲಿ ಹೆಸರು ಮನುಷ್ಯರಿಗಲ್ಲ, ಕೆಲಸಕ್ಕೆ. ಎರಡನೇ ಹುಡುಗಿ ಯಾವಳೇ ಬರಲಿ, ಎಲೆನ್. ಮೂರನೆಯವಳು ಕೇಟ್. ಬಾಗಿಲಲ್ಲಿ ನಿಲ್ಲುವವನು ಜೇಮ್ಸ್. ಒಬ್ಬ ಜೇಮ್ಸ್‌ನ ನಿಜವಾದ ಹೆಸರೂ ಜೇಮ್ಸೇ ಆಗಿತ್ತು. ಅವನಿಗೆ ಮಾತ್ರ ಸ್ವಂತ ಹೆಸರು ಉಳಿಯಿತೆಂದು ಎಷ್ಟು ಜಂಬವೆಂದರೆ ಯಾರ ಕೈಗೂ ಸಿಗುತ್ತಿರಲಿಲ್ಲ.

"ನಾನು ಯೂಯಿಸ್ಟ್ ದ್ವೀಪದಿಂದ ಬಂದಾಗ ಇಂಗ್ಲಿಷ್ ನಾಲ್ಕು ಮಾತು ಬರ್ತಿತ್ತು. ಮನೆವಾರ್ತೆ ನೋಡ್ಕೊಳ್ಳೋ ಯಜಮಾನಿ ಏಪ್ರನ್ ಕೈಗೆ ಕೊಟ್ಟು, ಹೆಸರೇನು ಅಂದಳು. ಓಯ್ರಿಕ್ ಅಂದೆ. ಅದು ಹೆಸರೋ ತೇಗೋ ಅಂದಳು. ಇನ್ಮೇಲೆ ಎಲೆನ್, ಹೋಗು, ಬೆಂಕಿ ಹಾಕು."

ಎಲ್ಲರೂ ನಕ್ಕರು. ರೋನಾ ನಗಲಿಲ್ಲ. ಕೂಸಿನ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ತಾನು ಕಷ್ಟಪಟ್ಟು ಎತ್ತಿಟ್ಟುಕೊಂಡಿದ್ದ ಹೆಸರು ಅಜ್ಜಿಯದೇ ಅಲ್ಲ. ಒಂದು ಏಪ್ರನ್ನಿನದು.

"ನಿನ್ನ ಪಿಂಚಣಿ ಪುಸ್ತಕದಲ್ಲಿ ಯುಫೀಮಿಯಾ ಅಂತಿದೆಯಲ್ಲ ಅಜ್ಜಿ?"

"ಅದು ಗುಮಾಸ್ತ ಇಟ್ಟದ್ದು. ದ್ವೀಪದ ಹೆಸರು ಅವನ ಲೇಖನಿಗೆ ಹಿಡಿಸಲಿಲ್ಲ. ಆ ಹೆಸರಿಂದ ನನ್ನನ್ನ ಕರೆದೋನು ಅಂಚೆಯವನು ಒಬ್ಬನೇ. ಬಾ ಬಾ, ಕೂಸು ಏರಬೇಕು."

ಹಿಂಬದಿಯ ಮರದ ಮೆಟ್ಟಿಲು ಸುರುಳಿಯಾಗಿ ಗೋಡೆಯೊಳಗೇ ಏರುತ್ತಿತ್ತು. ಟಾಡ್ ಸರಪಣಿ ತೆಗೆದು ಬಿಟ್ಟುಕೊಟ್ಟರು. ಅಜ್ಜಿ ಮುಂದೆ, ರೋನಾ ಹಿಂದೆ, ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈ ಗೋಡೆಗೆ. ಕಾಲು ಜಾರಿದರೆ, ಗಾಳಿ ಬಡಿದರೆ, ಕೂಸಿನ ಕಿವಿಗೆ ಥಂಡಿ ಹೊಕ್ಕರೆ ಎಂದು ಒಂದೊಂದು ಮೆಟ್ಟಿಲಿಗೂ ಒಂದೊಂದು ಭಯ ಹುಟ್ಟಿಸಿಕೊಂಡು ಹತ್ತಿದಳು. ಅಜ್ಜಿಯ ಕಾಲು ಮಾತ್ರ ಕತ್ತಲಲ್ಲೂ ಎಡವಲಿಲ್ಲ. ನಡುವೆ ಒಂದು ಮೆಟ್ಟಿಲನ್ನು ಅವಳು ದಾಟಿ ಕಾಲಿಟ್ಟಳು. "ಅದು ಸದ್ದು ಮಾಡುತ್ತೆ," ಎಂದಳು. ರೋನಾ ಅದರ ಮೇಲೇ ಕಾಲಿಟ್ಟು ನೋಡಿದಳು. ಸದ್ದು ಬರಲಿಲ್ಲ. ಯಾವಾಗಲೋ ಸರಿ ಮಾಡಿಸಿದ್ದರು.

ಮೇಲೆ ಸೂರಿನ ಕೆಳಗೆ ಹುಡುಗಿಯರು ಮಲಗುತ್ತಿದ್ದ ಕೋಣೆ. ಎರಡು ಕಬ್ಬಿಣದ ಮಂಚ, ಓರೆ ಕಿಟಕಿ. ಕಿಟಕಿಯಲ್ಲಿ ಕೆರೆ, ಫರ್ ಮರಗಳ ತೋಪು, ತೋಟದ ಕೆಂಪು ಗೋಡೆ. ಅಜ್ಜಿ ಕೂಸನ್ನು ಇಸಕೊಂಡು ಕಿಟಕಿಯ ಎತ್ತರಕ್ಕೆ ಹಿಡಿದಳು. "ನೋಡು ಕೂಸೇ. ಇದಕ್ಕಿಂತ ಮೇಲೆ ಕಾಗೆಗಳು ಮಾತ್ರ." ಕೂಸು ಆಕಳಿಸಿತು.

"ಇಲ್ಲಿ ನಾನು, ಅಲ್ಲಿ ಕೇಟು. ಕೇಟೂ ದ್ವೀಪದೋಳೇ. ಹಗಲೆಲ್ಲ ಎಲೆನ್, ಕೇಟ್. ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಮ್ಮ ಮಾತು, ನಮ್ಮ ಹೆಸರು. ಅವಳು ಕೆನಡಾಕ್ಕೆ ಹೋದಳು. ಅಲ್ಲಿಗೆ ನನ್ನ ಹೆಸರಿನ ಬಳಕೆ ಮುಗೀತು." ಅಜ್ಜಿ ಮಂಚದ ಸರಳಿನ ಮೇಲೆ ಕೈ ಆಡಿಸಿದಳು. "ಚಳಿಗಾಲದಲ್ಲಿ ಕೆರೆ ನೀರು ಹೆಪ್ಪುಗಟ್ಟಿದ್ರೆ ದೊರೆ ನಮಗೂ ಜಾರೋಕೆ ಬಿಡ್ತಿದ್ದ. ಆಳುಗಳ ಕುಣಿತದ ದಿನ ದೊರೆಸಾನಿ ಕೈ ಹಿಡಿದು ಅಡುಗೆಯವನು ಕುಣೀಬೇಕು, ದೊರೆ ಕೈ ಹಿಡಿದು ನಾವು. ನನ್ನ ಕಾಲು ಎಷ್ಟು ಹಗುರ ಇತ್ತು ಅಂತೀಯಾ."

"ಹೆಸರು ಕಿತ್ಕೊಂಡ್ರಲ್ಲ, ಸಿಟ್ಟು ಬರಲಿಲ್ವಾ?"

"ಯಾಕೆ ಬರಬೇಕು? ಓಯ್ರಿಕ್ ಒದ್ದೆ ಕಾಲಲ್ಲಿ ಬೆನ್ನ ಮೇಲೆ ಉರುವಲು ಹೊರ್ತಿದ್ಲು. ಎಲೆನ್ ಬೂಟು ಹಾಕ್ಕೊಂಡು ಕುಣೀತಿದ್ಲು." ಅಜ್ಜಿ ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡಳು. "ಏಪ್ರನ್ ಮಾತ್ರ ಹೊಸದು ಕೊಡಲಿಲ್ಲ. ಹಿಂದಿನ ಎಲೆನ್‌ದು. ಜೇಬಿಗೆ ಹೊಲಿಗೆ ಹಾಕಿಕೊಂಡಿದ್ದಳು, ಸಣ್ಣ ಸಣ್ಣ ಹೊಲಿಗೆ, ಇರುವೆ ಸಾಲಿನ ಹಾಗೆ. ಈ ಮಂಚದ ಮೇಲೇ ಎದೆನೋವು ಬಂದು ತೀರಿಹೋದ್ಲಂತೆ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು."

ರೋನಾ ಕೂಸನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡಳು, ಸ್ವಲ್ಪ ಜೋರಾಗಿಯೇ.

"ಅವಳ ನಿಜವಾದ ಹೆಸರೇನು ಅಜ್ಜಿ?"

"ಗೊತ್ತಿಲ್ಲ ಕಣೇ. ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ."

ಇಳಿಯುವಾಗ ರೋನಾ ಕೂಸನ್ನು ಎದೆಗೆ ಒತ್ತಿ ಹಿಡಿದಿದ್ದಳು. ತಾಯಿಯ ಹೆಸರಿನಿಂದ ತಪ್ಪಿಸಿಕೊಳ್ಳಲು ಓಡಿ, ಇನ್ನೊಬ್ಬಳ ಸಾವಿನ ಹಾಸಿಗೆಗೇ ಕೂಸನ್ನು ತಂದು ಮಲಗಿಸುತ್ತಿದ್ದೆನಲ್ಲ. ತೋಟದ ಗೋಡೆಗೆ ಆನಿಸಿದ ಬೆಂಚಿನ ಮೇಲೆ ಕೂತು ಕೂಸಿಗೆ ಹಾಲೂಡಿಸುವಾಗಲೂ ಅದೇ ಯೋಚನೆ. ಅಜ್ಜಿ ಪಕ್ಕದಲ್ಲಿ ಓಟ್ಸ್ ರೊಟ್ಟಿ, ಚೀಸ್ ಬಿಚ್ಚಿಕೊಂಡು, ಗೋಡೆಗೆ ಹಬ್ಬಿಸಿದ ಪೇರ್ ಹಣ್ಣಿನ ಗಿಡಗಳನ್ನು ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಇವು ನಿನ್ನ ತಾತ ಹಬ್ಬಿಸಿದ್ದು. ಒಂದಿನ ನಾನು ಜಮಖಾನ ಬಡಿಯೋಕೆ ಈ ಕಡೆ ಬಂದಾಗ ಗೋಡೆ ಮೇಲಿಂದ ಎಲೆನ್ ಅಂದ. ಎಲ್ಲರೂ ಅನ್ನೋ ಹೆಸರೇ. ಅವನು ಅಂದಾಗ ಮಾತ್ರ ಅದು ನನ್ನದು ಅನ್ನಿಸ್ತು. ಮದುವೆಗೆ ಅಂತ ಕೆಲಸ ಬಿಡುವಾಗ ಯಜಮಾನಿ, ಹೆಸರನ್ನ ಏಪ್ರನ್ ಜೊತೆ ಕಳಚಿಟ್ಟು ಹೋಗು, ಹೊಸಬಳಿಗೆ ಬೇಕು ಅಂದಳು. ನಿನ್ನ ತಾತ ಬಿಡಲಿಲ್ಲ. ನಾನು ಎಲೆನ್‌ನ ಪ್ರೀತಿಸಿದ್ದು, ತೇಗನ್ನಲ್ಲ ಅಂದ. ಹೀಗಾಗಿ ಊರಲ್ಲಿ ಇಬ್ಬರು ಎಲೆನ್ ಆದ್ವಿ. ದೊಡ್ಡಮನೆ ಎಲೆನ್, ಆರ್ಚಿ ಎಲೆನ್."

"ತಾತನೂ ನಿನ್ನ ಹೆಸರು ಕರೀಲಿಲ್ವಾ?"

"ಒಂದೆರಡು ಸಲ ನೋಡಿದ. ಅವನ ಬಾಯಲ್ಲಿ ಹಂದಿ ಕರೆದ ಹಾಗೆ ಬರ್ತಿತ್ತು. ನಾನೇ ಬೇಡಪ್ಪ ಅಂದೆ." ಅಜ್ಜಿ ರೊಟ್ಟಿಯ ಚೂರನ್ನು ಗುಬ್ಬಿಗೆ ಎಸೆದಳು. "ನನ್ನ ಅಮ್ಮ ಕರೀತಿದ್ದ ಹಾಗೆ ಯಾರೂ ಕರೀಲಿಲ್ಲ. ಹೋಗಲಿ ಬಿಡು."

ಶನಿವಾರ ಬೆಳಿಗ್ಗೆ ಗೇವಿನ್ ಬಂದ. ರೋನಾ ಅವನನ್ನು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡು, ಕೂಸಿಗೆ ಈಗ ಇಡಬೇಕೆಂದಿರುವ ಹೆಸರನ್ನು ಪಿಸುಗುಟ್ಟಿದಳು. ಅವನು ಹೆಗಲ ಚೀಲ ಇಳಿಸದೆ ಕೇಳಿದ.

"ಓಯ್... ಏನು?"

"ರಿಕ್. ಮೆಲ್ಲಗೆ ಹೇಳು."

"ಸರ್ಕಾರಿ ಕಚೇರೀಲಿ ಎಲೆನ್ ಅಂತ ಬರೆಸಿ ಆಯ್ತಲ್ಲೇ."

"ವರ್ಷದೊಳಗೆ ತಿದ್ದಿಸಬಹುದಂತೆ."

"ಗ್ಲಾಸ್ಗೋ ಹುಡುಗರು ಸುಮ್ನೆ ಬಿಡ್ತಾರಾ ಅವಳನ್ನ? ಹಾಜರಿ ಕರೆಯೋ ಟೀಚರ್ ಏನು ಮಾಡ್ತಾಳೆ ಪಾಪ?"

ಇದೇ ಪ್ರಶ್ನೆಯನ್ನು ರೋನಾ ರಾತ್ರಿಯೆಲ್ಲ ತನಗೇ ಹಾಕಿಕೊಂಡಿದ್ದಳು. ಆಟದ ಬಯಲಿನಲ್ಲಿ ತೇಗಿ ಅಣಕಿಸುವ ಹುಡುಗರು, ಮೂಲೆಯಲ್ಲಿ ಅಳುವ ಕೂಸು, ಎಲ್ಲವನ್ನೂ ಮುಂಗಡವಾಗಿ ಕಂಡು ಮುಂಗಡವಾಗಿಯೇ ಅತ್ತಿದ್ದಳು. ಆದರೂ ಬಾಯಿಂದ ಬೇರೆ ಮಾತು ಬಂತು.

"ಕಲೀತಾಳೆ. ಕಲಿಯೋಕೆ ಆಗದೆ ಇರೋದೇನಿದೆ? ದೊರೆಸಾನಿಗೆ ಬೇಡವಾಗಿತ್ತು ಅಷ್ಟೆ."

ಕಲಿಯುವುದೇ ಕಷ್ಟವಾದದ್ದು ಅವಳಿಗೆ. ಆ ಹೆಸರಿನ ನಡುವೆ ನಾಲಿಗೆ ಎಲ್ಲಿ ತಿರುಗಬೇಕೋ ಅಲ್ಲಿ ತಿರುಗುತ್ತಿರಲಿಲ್ಲ. ನೇರವಾಗಿ ಕೇಳುವ ಹಾಗಿಲ್ಲ. ಕೂಸಿಗೆ ಇಡುವ ಹೆಸರೆಂದು ತಿಳಿದರೆ ಅಜ್ಜಿ ತುಟಿ ಹೊಲಿದುಕೊಳ್ಳುತ್ತಾಳೆ. ಚರ್ಚಿನಲ್ಲಿ ತಪ್ಪು ಹೇಳಿದರೆ ಕೂಸಿಗೆ ಜೀವಮಾನವಿಡೀ ಹಂದಿ ಕರೆಯುವ ಹೆಸರು.

ಅಜ್ಜಿ ಅಡುಗೆಮನೆಯಲ್ಲಿ ನಾಮಕರಣದ ಕೇಕಿಗೆ ದ್ರಾಕ್ಷಿ ಬಿಡಿಸುತ್ತಿದ್ದಳು. ರೋನಾ ಎದುರು ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅಜ್ಜೀ, ನೀನು ದ್ವೀಪ ಬಿಟ್ಟು ಬಂದ ದಿನ ನಿಮ್ಮಮ್ಮ ದಡಕ್ಕೆ ಬಂದಿದ್ರಾ?"

"ಬಾರದೆ ಇರ್ತಾಳಾ? ಹಡಗು ಕಟ್ಟೆ ಬಿಟ್ಟು ಇಷ್ಟು ದೂರ ಬಂದಿತ್ತು. ಅಮ್ಮ ಓಡಿಬಂದು ತುದೀಲಿ ನಿಂತು ಕೂಗ್ತಾಳೆ. ಓಯ್ರಿಕ್. ಓಯ್ರಿಕ್. ಏನೋ ದೊಡ್ಡ ಮಾತು ಹೇಳ್ತಾಳೆ ಅಂತ ಹಡಗಲ್ಲಿದ್ದೋರೆಲ್ಲ ಕಿವಿ ಕೊಟ್ರು."

"ಏನಂದ್ರು?"

"ಕೋಳಿಗೂಡಿನ ಬಾಗಿಲು ಹಾಕಿದೀಯಾ, ಅಂದ್ಲು."

ರೋನಾ ನಕ್ಕಳು. ಅಜ್ಜಿಯೂ ನಕ್ಕಳು.

"ನರಿ ಇಲ್ಲ ನಮ್ಮ ದ್ವೀಪದಲ್ಲಿ. ಆದ್ರೂ ಅವಳಿಗೆ ಅದೇ ಚಿಂತೆ. ಗಾಳಿಗೆ ಬಾಗಿಲು ಹೊಡ್ಕೊಂಡ್ರೆ, ಕೋಳಿ ಹೆದರಿದ್ರೆ. ನಿನ್ನ ಹಾಗೇ ಅವಳೂ, ಎಲ್ಲಕ್ಕೂ ಹೆದರೋಳು. ನಾನು ಉತ್ತರ ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಹಡಗು ಸಿಳ್ಳೆ ಹೊಡೀತು. ಅವಳಿಗೆ ಕೇಳಿಸಲಿಲ್ಲ. ಮಾರನೇ ಚಳಿಗಾಲಕ್ಕೆ ತೀರಿಹೋದಳು."

"ಹೇಗೆ ಕೂಗಿದ್ರು?"

"ಹೇಳಿದ್ನಲ್ಲ."

"ಇನ್ನೊಂದ್ಸಲ ಹೇಳು. ಗಾಳಿ ಇತ್ತಲ್ಲ, ಎಳೆದು ಕೂಗಿರ್ತಾರೆ."

ಅಜ್ಜಿಯ ಬೆರಳು ದ್ರಾಕ್ಷಿಯ ಮೇಲೆ ನಿಂತಿತು. ಮೊಮ್ಮಗಳನ್ನು ಓರೆಗಣ್ಣಲ್ಲಿ ನೋಡಿದಳು. ಕೂಸಿನ ತೊಟ್ಟಿಲ ಕಡೆ ನೋಡಿದಳು. ಆಮೇಲೆ ಕತ್ತನ್ನು ಕಿಟಕಿಗೆ ತಿರುಗಿಸಿಕೊಂಡು, ಯಾರಿಗೂ ಅಲ್ಲದ ಹಾಗೆ, ತಾಯಿಯ ದನಿಯಲ್ಲಿ ಕೂಗಿದಳು. ರೋನಾ ತುಟಿಯೊಳಗೇ ಅದನ್ನು ಹಿಡಿದಳು.

"ಹಾಗಲ್ಲ ಅವಳು ಕೂಗಿದ್ದು," ಎಂದಳು ಅಜ್ಜಿ, ಇನ್ನೂ ಕಿಟಕಿಯ ಕಡೆಗೇ ಮುಖ ಮಾಡಿ. "ಕೊನೇಲಿ ಬಾಯಿ ಒಣಗಿದ ಹಾಗೆ ಬರಬೇಕು. ಬಿಸಿ ಗಂಜಿಗೆ ಬಾಯಿ ಸುಟ್ಟು ಊದ್ತಾರಲ್ಲ, ಹಾಗೆ."

ರೋನಾ ಇನ್ನೊಮ್ಮೆ ತುಟಿ ಅಲುಗಿಸಿದಳು. ಅಜ್ಜಿ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದಳು, ಹಡಗು, ಕಟ್ಟೆ, ಕೂಗು, ಕೋಳಿಗೂಡು. ಕೇಕು ಒಲೆಗೆ ಹೋಗುವ ತನಕ ಅಮ್ಮ ಕಟ್ಟೆಯ ತುದಿಯಲ್ಲಿ ನಿಂತು ಎಷ್ಟು ಸಲ ಕೂಗಿದಳೋ. ಯಾಕೆ ಕೇಳುತ್ತೀಯೆಂದು ಅಜ್ಜಿ ಕೇಳಲಿಲ್ಲ. ಗೇವಿನ್ ಒಳಬಂದು, "ಯಾವ ಕೋಳಿ?" ಎಂದ. ಇಬ್ಬರೂ ಒಟ್ಟಿಗೆ, "ನಿನಗಲ್ಲ," ಎಂದರು.

ಭಾನುವಾರ ಗಾಳಿ ಇತ್ತು. ದಾರಿಯಲ್ಲಿ ಮೊದಲು ಎದುರಾಗುವ ಗಂಡಸಿಗೆ ಕೊಡಲೆಂದು ಅಜ್ಜಿ ಕೇಕಿನ ಒಂದು ತುಂಡು, ಚೀಸ್, ಒಂದು ಬೆಳ್ಳಿ ನಾಣ್ಯ ಬಟ್ಟೆಯಲ್ಲಿ ಕಟ್ಟಿದ್ದಳು. ಹೆಣ್ಣುಕೂಸಿಗೆ ಗಂಡಸು ಸಿಗಬೇಕು. ಸಿಕ್ಕವರು ನಾಯಿಯನ್ನು ತಿರುಗಾಡಿಸುತ್ತಿದ್ದ ಟಾಡ್. ಪಟ್ಟಣದ ಮನುಷ್ಯ, ಗಂಟನ್ನು ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತರು.

"ಬೇಡ ಅನ್ನಬೇಡಿ ಸ್ವಾಮಿ, ಕೂಸಿಗೆ ಕೇಡು," ಎಂದಳು ಅಜ್ಜಿ. "ತಿಂದು, ನಮ್ಮ ಜೊತೆ ನಾಲ್ಕು ಹೆಜ್ಜೆ ತಿರುಗಿ ಬನ್ನಿ."

ಅವರು ಕೇಕು ತಿನ್ನುತ್ತ ಚರ್ಚಿನ ತನಕ ಬಂದರು. ನಾಯಿಯೂ ಬಂತು.

ಪಾದ್ರಿ ದ್ವೀಪದ ಮಾತು ಬಾರದ ತಗ್ಗುಸೀಮೆಯವರು, ವಯಸ್ಸಾದವರು. ರೋನಾ ಮೊದಲು ಬರೆದು ತಿಳಿಸಿದ್ದ ಎಲೆನ್ ಎಂಬ ಹೆಸರನ್ನೇ ನೆನಪಿಟ್ಟುಕೊಂಡು ಬೆರಳನ್ನು ನೀರಿಗೆ ಅದ್ದಿದ್ದರು. ರೋನಾ ತಲೆ ಅಲ್ಲಾಡಿಸಿ ಅವರ ಕಿವಿಯ ಹತ್ತಿರ ಹೋದಳು. ಪಾದ್ರಿಯ ಹುಬ್ಬು ಏರಿತು.

"ಮತ್ತೊಮ್ಮೆ ಹೇಳಮ್ಮ."

ಹೇಳಿದಳು. ಅವರು ತುಟಿ ಹೊಂದಿಸಿ ನೋಡಿದರು, ಬಿಟ್ಟರು. "ನೀನೇ ಜೋರಾಗಿ ಹೇಳಿಬಿಡು, ನಾನು ಹಿಂದೆ ಬರ್ತೀನಿ," ಎಂದರು.

ಕಲ್ಲಿನ ಚರ್ಚು. ಎಲ್ಲರ ಕಣ್ಣೂ ತನ್ನ ಮೇಲೆ. ರೋನಾಳ ಬಾಯಿ ನಿಜವಾಗಿಯೂ ಒಣಗಿತ್ತು. ಕಟ್ಟೆಯ ತುದಿಯಲ್ಲಿ ನಿಂತವಳನ್ನು, ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದವಳನ್ನು ನೆನೆದು, ಅವಳಂತೆಯೇ ಕೂಗಿದಳು.

"ಓಯ್ರಿಕ್."

ಮುಂದಿನ ಸಾಲಿನಲ್ಲಿ ಅಜ್ಜಿ ಎದ್ದು ನಿಂತಳು. ಎದ್ದದ್ದು ಅವಳಿಗೆ ತಿಳಿದ ಹಾಗಿರಲಿಲ್ಲ. ದ್ವೀಪದ ಮಾತಿನಲ್ಲಿ, ದೂರ ಇರುವವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಒಂದೇ ಒಂದು ಮಾತು ಹೇಳಿ ಹಾಗೇ ಕೂತಳು. ಪಾದ್ರಿ ಅದನ್ನು ಆಮೆನ್ ಎಂದುಕೊಂಡು ನೀರು ಹಾಕಿದರು. ತಣ್ಣೀರಿಗೆ ಕೂಸು ಕಿಟಾರನೆ ಕಿರುಚಿತು. ಜೆಸ್ಸಿ ಹಿಂದಿನಿಂದ, "ಶ್ವಾಸಕೋಶ ಗಟ್ಟಿ ಇದೆ," ಎಂದದ್ದು ಎಲ್ಲರಿಗೂ ಕೇಳಿಸಿತು.

ಹೊರಗೆ ಬಂದ ಮೇಲೆ ರೋನಾ ಕೂಸಿನ ಹಣೆ ಒರೆಸಿದಳು, ಮತ್ತೆ ಒರೆಸಿದಳು, ಶಾಲು ಬಿಗಿ ಮಾಡಿದಳು. ಅಜ್ಜಿ ಗೋಡೆಗೆ ಕೈ ಊರಿ, ದೊಡ್ಡಮನೆಯ ಹೊಗೆಗೂಡುಗಳ ಕಡೆ ನೋಡುತ್ತ ನಿಂತಿದ್ದಳು.

"ಒಳಗೆ ಏನಂದೆ ಅಜ್ಜಿ?"

"ಏನನ್ನಲಿ? ಹಾಕಿದೀನಿ ಅಂದೆ."

"ನಿಜವಾಗ್ಲೂ ಹಾಕಿದ್ಯಾ ಅವತ್ತು?"

"ಯಾರಿಗೆ ನೆನಪಿದೆ," ಎಂದಳು ಅಜ್ಜಿ. ಕೂಸನ್ನು ಕೊಡು ಎಂದು ಕೈ ಚಾಚಿದಳು. ರೋನಾ ಕೊಟ್ಟಳು. "ಹಾಕಿದೀನಿ ಅಂತ ಅಂದುಬಿಡಬೇಕು ಕಣೇ. ಅಮ್ಮಂದಿರಿಗೆ ಅಷ್ಟು ಸಾಕು."